ಒಬ್ಬರಿಗೊಂದು ನಬೆ: ಟೋಕಿಯೋದ ಹಳೆಯ ಅಕಿತಾ ಹೋಟೆಲ್ ಉಳಿದುಕೊಂಡ ಬಗೆ

ಟೋಕಿಯೋದ ಪೂರ್ವ ಭಾಗದ ಒಂದು ಬಡಾವಣೆ. ಸ್ಟೇಷನ್ನಿಂದ ಐದಾರು ನಿಮಿಷ ನಡೆದರೆ ಒಂದು ಗಲ್ಲಿ, ಅಲ್ಲೊಂದು ನಬೆ ಹೋಟೆಲ್. ಮೇಜಿನ ಮೇಲೇ ಒಲೆ ಇಟ್ಟು, ದೊಡ್ಡ ಪಾತ್ರೆಯಲ್ಲಿ ಸಾರು ಕುದಿಸಿಕೊಂಡು, ಸುತ್ತ ಕೂತವರೆಲ್ಲ ಅದರಿಂದಲೇ ಬಡಿಸಿಕೊಂಡು ತಿನ್ನುವ ಊಟಕ್ಕೆ ನಬೆ ಎನ್ನುತ್ತಾರೆ. ಜಪಾನಿನಲ್ಲಿ ಒಂದೊಂದು ಸೀಮೆಗೂ ಒಂದೊಂದು ನಬೆ ಇದೆ. ಈ ಹೋಟೆಲಿನದು ಉತ್ತರದ ಅಕಿತಾ ಪ್ರಾಂತ್ಯದ್ದು. ಜೊತೆಗೆ ಕೊಡುವ ಸಾಕೆಯೂ, ಅಂದರೆ ಅಕ್ಕಿಯಿಂದ ಮಾಡುವ ಮದ್ಯವೂ, ಅಕಿತಾದ್ದೇ.

ನಲವತ್ತು ವರ್ಷಕ್ಕೂ ಮೀರಿ ನಡೆದ ಈ ಹೋಟೆಲ್ ಎರಡು ಸಲ ಮುಚ್ಚುವ ಹಂತಕ್ಕೆ ಬಂದಿತ್ತು. ಮುಚ್ಚಲಿಲ್ಲ. ಈಗ ಬೇರೆಯವರ ಕೈಯಲ್ಲಿ ನಡೆಯುತ್ತಿದೆ. ಹಳೆಯ ಮಾಲೀಕ ದಂಪತಿ, ಈಗ ನಡೆಸುತ್ತಿರುವವರು, ಇಬ್ಬರೊಂದಿಗೂ ಮಾತಾಡಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ. ಯಜಮಾನರನ್ನು ಗಿರಾಕಿಗಳು ಕರೆಯುವಂತೆ ತೈಶೊ ಎಂದೂ, ಅವರ ಹೆಂಡತಿಯನ್ನು ಒಕಾಮಿ ಎಂದೂ ಕರೆಯುತ್ತೇನೆ.

ಹಳೇ ಹೋಟೆಲ್ ಒಂದು ಮುಚ್ಚಿದರೆ ಜಪಾನಿನಲ್ಲಿ ಅದು ಸುದ್ದಿಯೇ ಅಲ್ಲ. 2025ರ ಹೊತ್ತಿಗೆ ಸಣ್ಣ, ಮಧ್ಯಮ ಉದ್ಯಮಗಳ ಸುಮಾರು 24.5 ಲಕ್ಷ ಮಾಲೀಕರು 70 ದಾಟಿರುತ್ತಾರೆ, ಅವರಲ್ಲಿ ಅರ್ಧದಷ್ಟು ಮಂದಿಗೆ ಮುಂದೆ ನಡೆಸುವವರು ನಿಕ್ಕಿಯಾಗಿಲ್ಲ ಎಂದು ಅಲ್ಲಿನ ಸರ್ಕಾರವೇ ಅಂದಾಜು ಮಾಡಿತ್ತು. ಹಾಗಾಗಿ ಉಳಿದುಕೊಂಡದ್ದು ಹೇಗೆ ಎಂದು ನೋಡುವುದರಲ್ಲಿ ಉಪಯೋಗ ಜಾಸ್ತಿ.

ಹಿನ್ನೆಲೆ

ತೈಶೊ ಅಕಿತಾದ ಉತ್ತರ ಭಾಗದ ಹಳ್ಳಿಯವರು. ಶಾಲೆ ಮುಗಿದ ಕೂಡಲೇ ಊರಿನ ಹುಡುಗ ಹುಡುಗಿಯರನ್ನು ಗುಂಪಾಗಿ ರೈಲು ಹತ್ತಿಸಿ ಟೋಕಿಯೋದ ಕಾರ್ಖಾನೆ, ಅಂಗಡಿಗಳ ಕೆಲಸಕ್ಕೆ ಕಳಿಸುತ್ತಿದ್ದ ಕಾಲವದು. 1950ರ ದಶಕದಿಂದ 1970ರ ದಶಕದ ನಡುವಿನವರೆಗೂ ಈ ಪದ್ಧತಿ ನಡೆಯಿತು. ಉತ್ತರದಿಂದ ಬಂದವರು ಇಳಿಯುತ್ತಿದ್ದದ್ದು ಉಎನೊ ನಿಲ್ದಾಣದಲ್ಲಿ. ಅಲ್ಲಿಂದ ಸುತ್ತಮುತ್ತಲ ಕಾರ್ಖಾನೆ ಬಡಾವಣೆಗಳಿಗೆ ಹಂಚಿಹೋಗುತ್ತಿದ್ದರು. ತೈಶೊ ಕೂಡ ಹಾಗೇ ಬಂದು, ಬೇರೆಯವರ ಅಡುಗೆಮನೆಯಲ್ಲಿ ಕೆಲಸ ಕಲಿತು, 1970ರ ದಶಕದ ಕೊನೆಯಲ್ಲಿ ಸ್ವಂತ ಹೋಟೆಲ್ ಹಾಕಿದರು. ಒಕಾಮಿಯ ತವರು ಅದೇ ಅಕಿತಾದ ಕರಾವಳಿ, ಓಗಾ ಕಡೆ. ಒಬ್ಬರದು ಬೆಟ್ಟದ ಊಟ, ಇನ್ನೊಬ್ಬರದು ಕಡಲಿನ ಊಟ. ಇದು ಮುಂದೆ ಬಹಳ ಮುಖ್ಯವಾಗುತ್ತದೆ.

ಕೌಂಟರಿನಲ್ಲಿ ಒಂಬತ್ತು ಕುರ್ಚಿ. ಅದರ ಹಿಂದೆ ಚಾಪೆ ಹಾಸಿದ ಜಗುಲಿಯಲ್ಲಿ ನಾಲ್ಕು ತಗ್ಗು ಮೇಜು. ಮೊದಲ ಇಪ್ಪತ್ತು ವರ್ಷ ಬಂದವರು ಬಹುಪಾಲು ಅಕಿತಾ ಮೂಲದವರೇ. ಅವರ ಜೊತೆ ಪಕ್ಕದ ಪ್ರಿಂಟಿಂಗ್ ಪ್ರೆಸ್ಸು, ಲೋಹದ ವರ್ಕ್‌ಶಾಪುಗಳ ಕೆಲಸಗಾರರು. ಡಿಸೆಂಬರ್ ಬಂತೆಂದರೆ ವರ್ಷಾಂತ್ಯದ ಪಾರ್ಟಿಗಳು, ಅಂದರೆ ಬೋನೆನ್‌ಕಾಯ್. ಜಗುಲಿ ಪೂರ್ತಿ ಬುಕ್ ಆಗುತ್ತಿತ್ತು. ನವೆಂಬರಿನಿಂದ ಫೆಬ್ರವರಿವರೆಗೆ ದುಡಿದದ್ದೇ ವರ್ಷವಿಡೀ ಹೋಟೆಲನ್ನು ಸಾಕುತ್ತಿತ್ತು.

ಮುಖ್ಯ ಪದಾರ್ಥ ಕಿರಿತಾಂಪೊ ನಬೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಹೋಟೆಲಿನ ಕಷ್ಟವೂ ಅದರಲ್ಲೇ ಇದೆ, ಬಲವೂ ಅದರಲ್ಲೇ ಇದೆ. ಬಿಸಿ ಅನ್ನವನ್ನು ಅರ್ಧಂಬರ್ಧ ಕುಟ್ಟಬೇಕು. ಪೂರ್ತಿ ಮುದ್ದೆಯಾಗಬಾರದು, ಅಗುಳು ಕಾಣುತ್ತಿರಬೇಕು. ಕೈಗೆ ಉಪ್ಪುನೀರು ಮಾಡಿಕೊಂಡು, ಅದನ್ನು ಸೀಡರ್ ಮರದ ಕಡ್ಡಿಯ ಸುತ್ತ ಮೆತ್ತಿ, ಉರುಳಿಸಿ, ಮೇಲ್ಮೈ ಕೆಂಪಗಾಗುವವರೆಗೆ ಬೆಂಕಿಯ ಪಕ್ಕ ಸುಡಬೇಕು. ಕಡ್ಡಿ ಎಳೆದರೆ ಒಳಗೆ ಪೊಳ್ಳಾದ ಅನ್ನದ ಕೊಳವೆ ಉಳಿಯುತ್ತದೆ. ಅದನ್ನು ಓರೆಯಾಗಿ ಕತ್ತರಿಸಿ ಸಾರಿಗೆ ಹಾಕುತ್ತಾರೆ. ಸಾರು ಹಿನಾಯ್ ಜಿದೋರಿ ಎಂಬ ಕೋಳಿಯ ಎಲುಬಿನದು, ಹದಕ್ಕೆ ಸೋಯಾ ಸಾಸ್. ಜೊತೆಗೆ ಮೈತಾಕೆ ಅಣಬೆ, ಗೋಬೊ ಬೇರು, ಉದ್ದ ಈರುಳ್ಳಿ, ಕೊನೆಗೆ ಸೆರಿ ಸೊಪ್ಪು. ಸೆರಿಯನ್ನು ಬೇರು ಸಮೇತ ಹಾಕುವುದು ಅಕಿತಾದ ಕ್ರಮ. ಆ ಬೇರಿನ ಸಂದಿಯ ಮಣ್ಣನ್ನು ತಣ್ಣೀರಿನಲ್ಲಿ ಹಳೇ ಟೂತ್‌ಬ್ರಶ್‌ನಿಂದ ಒಂದೊಂದಾಗಿ ಉಜ್ಜಿ ತೆಗೆಯುತ್ತಾರೆ. ಚಳಿಗಾಲದ ಮಧ್ಯಾಹ್ನಗಳಲ್ಲಿ ಒಕಾಮಿಯ ಕೆಲಸವೇ ಅದು.

ಅಂದರೆ ಒಂದು ಪಾತ್ರೆಯ ಹಿಂದೆ ಅರ್ಧ ದಿನದ ಕೈಕೆಲಸ. ಹಾಗಾಗಿ ನಬೆ ಇಬ್ಬರಿಗಿಂತ ಕಮ್ಮಿ ಇದ್ದರೆ ಕೊಡುವುದಿಲ್ಲ ಎಂಬ ನಿಯಮ. ಜಪಾನಿನ ಬಹಳಷ್ಟು ನಬೆ ಹೋಟೆಲುಗಳಲ್ಲಿ ಇದೇ ನಿಯಮ. ಯಾರೂ ಪ್ರಶ್ನೆ ಮಾಡಿರಲಿಲ್ಲ.

ತೊಂದರೆ ಶುರುವಾದದ್ದು

ಒಂದೇ ದಿನ ಬಿದ್ದ ಪೆಟ್ಟಲ್ಲ ಇದು. ಊರಿಂದ ಬಂದವರು ನಿವೃತ್ತರಾದರು. ಕೆಲವರು ತೀರಿಕೊಂಡರು. ಪ್ರಿಂಟಿಂಗ್ ಪ್ರೆಸ್ಸುಗಳ ಜಾಗದಲ್ಲಿ ಅಪಾರ್ಟ್‌ಮೆಂಟು ಬಂದವು. ಅಲ್ಲಿಗೆ ಬಂದ ಹೊಸಬರಲ್ಲಿ ಒಂಟಿಯಾಗಿ ಇರುವವರೇ ಜಾಸ್ತಿ. 1997ರಲ್ಲಿ ಅಕಿತಾಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲು ಬಂದ ಮೇಲೆ ಊರೇ ಹತ್ತಿರವಾಯಿತು. ಊರಿನ ರುಚಿ ಬೇಕೆನಿಸಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಊರಿಗೇ ಹೋಗಬಹುದು.

ಸಾಕೆ ಕುಡಿಯುವವರೂ ಕಮ್ಮಿಯಾಗುತ್ತಿದ್ದರು. ಜಪಾನಿನಲ್ಲಿ ಸಾಕೆ ಮಾರಾಟ ತುದಿ ಮುಟ್ಟಿದ್ದು 1973ರಲ್ಲಿ. ಆಮೇಲೆ ಇಳಿಯುತ್ತಲೇ ಬಂದು, ಈಗ ಅದರ ಕಾಲು ಭಾಗಕ್ಕಿಂತ ಕೆಳಗಿದೆ. ಅಂದರೆ ಈ ಹೋಟೆಲ್ ತೆರೆದದ್ದೇ ಇಳಿಜಾರಿನ ಆರಂಭದಲ್ಲಿ. ಮೊದಲ ವರ್ಷಗಳ ಜನಜಂಗುಳಿಯಲ್ಲಿ ಅದು ಗೊತ್ತಾಗಲಿಲ್ಲ ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಗುಂಡಿ ಬೇಸಿಗೆ. ಅಲ್ಲಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೋಕಿಯೋದಲ್ಲಿ ಬೆವರು ಸುರಿಯುವ ಸೆಕೆ. ಕುದಿಯುವ ಪಾತ್ರೆಯ ಮುಂದೆ ಕೂರಲು ಯಾರು ಬರುತ್ತಾರೆ?

ಮೊದಲು ಮಾಡಿ ನೋಡಿದ್ದು

2000ದ ದಶಕದಲ್ಲಿ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೆನು ದೊಡ್ಡದು ಮಾಡಿದರು. ಹಸಿ ಮೀನಿನ ಸಾಶಿಮಿ, ಕರಿದ ಕೋಳಿ, ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿಯ ಯಾಕಿತೊರಿ, ಸಲಾಡ್. ಬೇಸಿಗೆಯಲ್ಲಿ ಸ್ವಲ್ಪ ಜನ ಬಂದರು ನಿಜ. ಆದರೆ ಅದೇ ತಿನಿಸು, ಇನ್ನೂ ಅಗ್ಗವಾಗಿ, ಸ್ಟೇಷನ್ ಎದುರಿನ ಚೈನ್ ಇಜಕಾಯಾಗಳಲ್ಲಿ, ಅಂದರೆ ಮದ್ಯದ ಜೊತೆ ತಿನಿಸು ಕೊಡುವ ಹೋಟೆಲುಗಳಲ್ಲಿ ಸಿಗುತ್ತಿತ್ತು. ಫ್ರಿಜ್ಜಿನಲ್ಲಿ ಉಳಿದ ಮೀನು ಬಿಸಾಡುವುದು ಜಾಸ್ತಿಯಾಯಿತು. ಇಬ್ಬರೇ ನಡೆಸುವ ಅಡುಗೆಮನೆಗೆ ಅಷ್ಟು ಬಗೆ ಮಾಡುವ ಶಕ್ತಿ ಇರಲಿಲ್ಲ. ಇದನ್ನು ಕೈಬಿಡಲು ಅವರಿಗೆ ಏಳೆಂಟು ವರ್ಷ ಹಿಡಿಯಿತು. ಗಿರಾಕಿ ಕೇಳಿದ್ದನ್ನು ಇಲ್ಲ ಎನ್ನುವುದು ಹೋಟೆಲಿನವರಿಗೆ ಬಹಳ ಕಷ್ಟ.

ಎರಡನೆಯದು ಸಾಕೆ. ಅಕಿತಾ ಸಾಕೆಗೆ ದೊಡ್ಡ ಹೆಸರಿದೆ. ಸಾಕೆ ಹುದುಗಿಸಲು ದೇಶದೆಲ್ಲೆಡೆ ಹಂಚುವ ಯೀಸ್ಟ್‌ಗಳಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಅತಿ ಹಳೆಯದು 6ನೇ ನಂಬರಿನದು. ಅದು ಸಿಕ್ಕಿದ್ದು ಅಕಿತಾದ ಅರಾಮಾಸಾ ತಯಾರಿಕಾ ಮನೆಯಲ್ಲಿ. 1930ರ ದಶಕದಿಂದ ಹಂಚಿಕೆಯಲ್ಲಿದೆ. 2010ರಲ್ಲಿ ಅರಾಮಾಸಾ ಸೇರಿ ಐದು ಮನೆಗಳ ಯುವ ಮಾಲೀಕರು ನೆಕ್ಸ್ಟ್ ಫೈವ್ ಎಂಬ ಗುಂಪು ಕಟ್ಟಿಕೊಂಡರು. ಅಲ್ಲಿಂದ ಅಕಿತಾ ಸಾಕೆಗೆ ಹೊಸ ತಲೆಮಾರಿನ ಅಭಿಮಾನಿಗಳು ಬಂದರು. ಹಳೆಯ ನಂಟಿನಿಂದ ಈ ಹೋಟೆಲಿಗೆ ಸುಲಭವಾಗಿ ಸಿಗದ ಬಾಟಲಿಗಳು ಬರುತ್ತಿದ್ದವು. ತೈಶೊ ಅವನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟರು. ಕುರ್ಚಿ ತುಂಬಿತು.

ಆದರೆ ಹಾಗೆ ಬಂದವರು ಒಂದು ಗ್ಲಾಸ್ ತಗೊಂಡು, ಫೋಟೋ ತೆಗೆದು, ಬಾಟಲಿ ಖಾಲಿಯಾಗಿದೆ ಎಂದರೆ ಎದ್ದು ಹೋಗುತ್ತಿದ್ದರು. ನಬೆ ಮುಟ್ಟುತ್ತಿರಲಿಲ್ಲ. ಹಳೇ ಗಿರಾಕಿ ಬಂದರೆ ಜಾಗ ಇರುತ್ತಿರಲಿಲ್ಲ. ಒಂದು ಡಿಸೆಂಬರಿನಲ್ಲಿ, ಮೊದಲ ವರ್ಷದಿಂದ ಬರುತ್ತಿದ್ದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು ಒಳಗೆ ನೋಡಿ ವಾಪಸ್ಸು ಹೋದರು. ಮಾರನೇ ದಿನವೇ ತೈಶೊ ಆ ಬಾಟಲಿಗಳನ್ನು ಕೌಂಟರಿನಿಂದ ತೆಗೆದು ಒಳಗಿಟ್ಟರು. ಪಟ್ಟಿಯಿಂದಲೂ ಹೆಸರು ತೆಗೆದರು. ಊಟ ಮಾಡುವವರು ಕೇಳಿದರೆ ಮಾತ್ರ ಕೊಡುತ್ತಿದ್ದರು. ಆ ತಿಂಗಳ ವ್ಯಾಪಾರ ಇಳಿಯಿತು. ಆದರೂ ನನ್ನ ಮಟ್ಟಿಗೆ ಇದು ಮೊದಲ ಸರಿಯಾದ ತೀರ್ಮಾನ. ತಾವು ಮಾರುವುದು ಏನು ಎಂದು ಅವರು ಬಾಯಿಬಿಟ್ಟು ಹೇಳಿದ್ದು ಆಗಲೇ.

ಬಾಗಿಲು ಮುಚ್ಚಿದ ತಿಂಗಳುಗಳು

2020ರ ಏಪ್ರಿಲ್ 7ರಂದು ಟೋಕಿಯೋ ಸೇರಿದಂತೆ ಏಳು ಪ್ರಾಂತ್ಯಗಳಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು. ಒಂದೇ ಪಾತ್ರೆಗೆ ನಾಲ್ಕು ಜನ ಕೈ ಹಾಕುವ ಊಟ ಒಮ್ಮೆಲೇ ಭಯದ ವಸ್ತುವಾಯಿತು. ಹೋಟೆಲುಗಳಿಗೆ ಆಗ ತೆರಿಗೆ ಇಲಾಖೆ ಆರು ತಿಂಗಳ ತಾತ್ಕಾಲಿಕ ಪರವಾನಗಿ ಕೊಟ್ಟು ಮದ್ಯವನ್ನು ಪಾರ್ಸೆಲ್ ಮಾರಲು ಬಿಟ್ಟಿತು. ಇವರು ಉಳಿದಿದ್ದ ಸಾಕೆಯನ್ನು ಸಣ್ಣ ಬಾಟಲಿಗೆ ತುಂಬಿ ಮಾರಿದರು. ಜೊತೆಗೆ ನಬೆ ಸೆಟ್ಟು: ಗಟ್ಟಿ ಸಾರು ಒಂದು ಚೀಲ, ಕಿರಿತಾಂಪೊ, ಕತ್ತರಿಸಿದ ತರಕಾರಿ.

ಸೆಟ್ಟು ಮಾರಾಟದಿಂದ ಕೈಗೆ ಬಂದ ದುಡ್ಡು ಅಷ್ಟಕ್ಕಷ್ಟೆ. ಆದರೆ ಒಂದು ಸಂಗತಿ ಬೆಳಕಿಗೆ ಬಂತು. ಇಬ್ಬರ ಸೆಟ್ಟಿಗಿಂತ ಒಬ್ಬರ ಸೆಟ್ಟು ಬೇಗ ಖಾಲಿಯಾಗುತ್ತಿತ್ತು. ತಗೊಂಡು ಹೋಗುವವರಲ್ಲಿ ಬಹಳ ಮಂದಿ ಅದೇ ಬಡಾವಣೆಯವರು. ಎಷ್ಟೋ ವರ್ಷದಿಂದ ಅಂಗಡಿ ಮುಂದೆ ಓಡಾಡಿದವರು, ಒಳಗೆ ಕಾಲಿಟ್ಟಿರಲಿಲ್ಲ. ಯಾಕೆ ಎಂದು ಒಕಾಮಿ ಕೇಳಿದರೆ, 'ಒಬ್ಬಳೇ ಬಂದರೆ ನಬೆ ಕೊಡಲ್ವಲ್ಲ' ಎಂದರು ಒಬ್ಬಾಕೆ.

2021ರ ಏಪ್ರಿಲ್ ಕೊನೆಯಿಂದ ಟೋಕಿಯೋದಲ್ಲಿ ಮದ್ಯ ಕೊಡುವ ಹೋಟೆಲುಗಳು ಪೂರ್ತಿ ಮುಚ್ಚಬೇಕು, ಇಲ್ಲವೇ ಮದ್ಯ ನಿಲ್ಲಿಸಬೇಕು ಎಂದು ಸರ್ಕಾರ ಕೇಳಿಕೊಂಡಿತು. ಇವರು ಮುಚ್ಚಿದರು. ಸಹಕರಿಸಿದ ಹೋಟೆಲುಗಳಿಗೆ ಪರಿಹಾರ ಸಿಗುತ್ತಿತ್ತು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಅದು ದಿನಕ್ಕೆ 60,000 ಯೆನ್ ಇತ್ತು. ದೊಡ್ಡ ಹೋಟೆಲಿಗೆ ಅದು ಏನೇನೂ ಸಾಲದು. ಗಂಡ ಹೆಂಡತಿ ಸೇರಿ ನಡೆಸುವ ಹೋಟೆಲಿಗೆ, ಅದೂ ವ್ಯಾಪಾರವಿಲ್ಲದ ದಿನಗಳಲ್ಲಿ, ಬಾಗಿಲು ತೆಗೆದಾಗ ಬರುವುದಕ್ಕಿಂತ ಜಾಸ್ತಿ.

ಇಲ್ಲಿ ಬಹಳ ಜನ ಎಡವಿದರು. ಪರಿಹಾರ ಬರುವವರೆಗೆ ಸುಮ್ನೆ ಕೂತು, ನಿಂತ ಮೇಲೆ ಕಣ್ಣು ಬಿಟ್ಟರು. ಒಕಾಮಿ ಆ ತಿಂಗಳುಗಳಲ್ಲಿ ಹಳೆಯ ಬಿಲ್ ಚೀಟಿಗಳ ಡಬ್ಬ ತೆಗೆದು ಕೂತರು. ಯಾವ ದಿನ, ಎಷ್ಟು ಜನರ ಗುಂಪು, ನಬೆ ತಗೊಂಡರಾ, ಯಾವ ಸಾಕೆ. ನಾಲ್ಕು ಜನಕ್ಕಿಂತ ದೊಡ್ಡ ಗುಂಪು ಕೊರೋನಾಕ್ಕೆ ಮುಂಚೆಯೇ ಕರಗುತ್ತಾ ಬಂದಿತ್ತು. ಜಗುಲಿ ಡಿಸೆಂಬರ್ ಬಿಟ್ಟರೆ ಅರ್ಧ ಖಾಲಿ. ತುಂಬಿರುತ್ತಿದ್ದದ್ದು ಕೌಂಟರ್, ಅಲ್ಲಿ ಕೂತವರಿಗೆ ಇವರು ನಬೆಯನ್ನೇ ಕೊಡುತ್ತಿರಲಿಲ್ಲ. ಅಂದರೆ ತಮ್ಮ ಅತಿ ಒಳ್ಳೆಯ ಪದಾರ್ಥವನ್ನು, ದಿನವೂ ಬರುವ ಗಿರಾಕಿಗೆ ನಿಯಮ ಹಾಕಿ ತಪ್ಪಿಸುತ್ತಿದ್ದರು. ಕಷ್ಟಕ್ಕೆ ಕೊರೋನಾ ಕಾರಣ ಎಂದು ಹೇಳಿ ಕೈತೊಳೆದುಕೊಂಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಸಣ್ಣ ಪಾತ್ರೆ

ಒಬ್ಬರ ನಬೆ ಮಾಡೋಣ ಎಂದಾಗ ತೈಶೊ ಒಪ್ಪಲಿಲ್ಲ. ಒಂದೇ ಪಾತ್ರೆಯ ಸುತ್ತ ಕೂರದಿದ್ದರೆ ಅದೆಂಥ ನಬೆ ಎಂಬುದು ಅವರ ವಾದ. ಬೆಟ್ಟದ ಕಡೆ ಕಿರಿತಾಂಪೊ ಅಂದರೆ ಹೊಸ ಅಕ್ಕಿ ಮನೆಗೆ ಬಂದಾಗ ನೆಂಟರಿಷ್ಟರೆಲ್ಲ ಸೇರಿ ತಿನ್ನುವುದು. ಅದನ್ನು ತುಂಡು ಮಾಡಿ ಒಬ್ಬೊಬ್ಬರ ಮುಂದಿಡುವುದು ಅವರಿಗೆ ಅವಮಾನದಂತೆ ಕಂಡಿತು.

ಒಕಾಮಿ ಕೊಟ್ಟ ಉತ್ತರ ಅವರ ತವರಿನದು. ಅಕಿತಾದ ಕರಾವಳಿಯಲ್ಲಿ ಹೊತಾತೆ ಎಂಬ ಕಡಲ ಜೀವಿಯ ದೊಡ್ಡ ಚಿಪ್ಪನ್ನೇ ಪಾತ್ರೆಯಾಗಿಟ್ಟು ಬೇಯಿಸುವ ಕಯಾಕಿ ಇದೆ. ಹತಾಹತಾ ಮೀನು, ಅದೇ ಮೀನಿನಿಂದ ಮಾಡಿದ ಶೊತ್ತ್ಸುರು ಎಂಬ ಉಪ್ಪು ರಸ, ತೋಫು, ಈರುಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಚಿಪ್ಪು, ಒಂದೊಂದು ಪುಟ್ಟ ಒಲೆ. 'ನಮ್ಮನೇಲಿ ಅಪ್ಪಂಗೊಂದು, ಅಜ್ಜಿಗೊಂದು, ನಂಗೊಂದು ಚಿಪ್ಪು ಇರ್ತಿತ್ತು. ಅದು ಅಕಿತಾ ಊಟ ಅಲ್ವಾ?' ಎಂದರಂತೆ. ತೈಶೊ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಈ ಪ್ರಕರಣದ ನಡುಗಂಬ ಇದೇ ಎಂದು ನನಗನ್ನಿಸುತ್ತದೆ. ಹೊಸ ಕಾಲಕ್ಕೆ ಬೇಕಾದ ಬದಲಾವಣೆ ಅವರ ಊರಿನ ಅಡುಗೆಯೊಳಗೇ ಇತ್ತು. ಹೊರಗಿನಿಂದ ಸಲಹೆಗಾರರು ಬಂದು ಇದೇ ಮಾತು ಹೇಳಿದ್ದರೆ ತೈಶೊ ಖಂಡಿತ ಬಾಗಿಲು ತೋರಿಸುತ್ತಿದ್ದರು.

ಒಪ್ಪಿಕೊಂಡ ಮೇಲೆ ನಿಜವಾದ ಕೆಲಸ ಶುರು. ಸಣ್ಣ ಪಾತ್ರೆಯಲ್ಲಿ ಸಾರು ಬೇಗ ಬತ್ತುತ್ತದೆ, ಅರ್ಧ ಊಟಕ್ಕೇ ಉಪ್ಪಾಗುತ್ತದೆ. ಕಿರಿತಾಂಪೊ ಜಾಸ್ತಿ ಹೊತ್ತು ನೆನೆದರೆ ಒಡೆದು ಗಂಜಿಯಾಗುತ್ತದೆ. ಕೌಂಟರಿನಲ್ಲಿ ಗ್ಯಾಸ್ ಒಲೆ ಇಡಲು ಜಾಗವಿಲ್ಲ. ಮೇಣದಂಥ ಇಂಧನದ ಬಿಲ್ಲೆ ಹಚ್ಚಿ ನೋಡಿದರು. ಅದರ ಉರಿ ಗಿರಾಕಿ ಹರಟುತ್ತಿದ್ದಾಗಲೇ ಆರಿಹೋಗುತ್ತಿತ್ತು. ಕೊನೆಗೆ ಒಳಗೇ ಬೇಯಿಸಿ, ದಪ್ಪ ಮಣ್ಣಿನ ಪುಟ್ಟ ಪಾತ್ರೆಯಲ್ಲಿ ಕುದಿಯುತ್ತಿರುವಾಗಲೇ ತಂದಿಡುವುದು ಎಂದಾಯಿತು. ಸಾರನ್ನು ದೊಡ್ಡ ನಬೆಗಿಂತ ತುಸು ತೆಳ್ಳಗೆ ಮಾಡಿದರು. ಕಿರಿತಾಂಪೊ ಕೊನೆಗೆ ಹಾಕಿದರು. ಸೆರಿಯನ್ನು ಬೇರೆ ತಟ್ಟೆಯಲ್ಲಿ ಕೊಟ್ಟರು, ತಿನ್ನುವವರೇ ಅದ್ದಿಕೊಳ್ಳಲಿ ಎಂದು.

ಬೆಲೆ ಇನ್ನೊಂದು ತಕರಾರು. ಇಬ್ಬರ ನಬೆಯ ಅರ್ಧ ಬೆಲೆ ಇಡೋಣ ಎಂದರು ತೈಶೊ. ಒಕಾಮಿ ಬೇಡ ಎಂದರು. ಸಾರು ಹೇಗೂ ಒಂದೇ ಹಂಡೆಯಲ್ಲಿ ಆಗುತ್ತದೆ, ಅದಕ್ಕೆ ಖರ್ಚು ಏರುವುದಿಲ್ಲ. ಆದರೆ ಒಬ್ಬೊಬ್ಬರ ಪಾತ್ರೆ ಜೋಡಿಸಲು, ಬೇಯಿಸಲು, ತೊಳೆಯಲು ದುಪ್ಪಟ್ಟು ಕೈ ಬೇಕು. ಅರ್ಧಕ್ಕಿಂತ ಸ್ವಲ್ಪ ಮೇಲೆ ಬೆಲೆ ಇಟ್ಟರು. ಯಾರೂ ಚಕಾರ ಎತ್ತಲಿಲ್ಲ.

2021ರ ಅಕ್ಟೋಬರಿನಲ್ಲಿ ಬಾಗಿಲು ತೆಗೆದಾಗ ಬಾಗಿಲಿನ ಮೇಲೆ ಒಂದೇ ಸಾಲು ಹೊಸದಾಗಿ ಬರೆದಿದ್ದರು: ಒಬ್ಬರಿಗೂ ನಬೆ ಇದೆ. ಆ ಚಳಿಗಾಲದಲ್ಲೇ ಕೌಂಟರಿನ ಸರಾಸರಿ ಬಿಲ್ ಎದ್ದು ಕಾಣುವಷ್ಟು ಏರಿತು. ಆಶ್ಚರ್ಯವೆಂದರೆ ಜೋಡಿಯಾಗಿ ಬಂದವರೂ ಒಬ್ಬೊಬ್ಬರ ಪಾತ್ರೆಯನ್ನೇ ಕೇಳಿದರು. ಒಬ್ಬರಿಗೆ ಕಿರಿತಾಂಪೊ, ಇನ್ನೊಬ್ಬರಿಗೆ ಶೊತ್ತ್ಸುರು ಹಾಕಿದ ಮೀನಿನ ನಬೆ.

ಬೇಸಿಗೆ ಮತ್ತು ಬಾಟಲಿ

ಬೇಸಿಗೆಯ ಗುಂಡಿಗೂ ಉತ್ತರ ಅಕಿತಾದಲ್ಲೇ ಸಿಕ್ಕಿತು. ಮಿತಾನೆ ಎಂಬ ಊರು ಜುನ್ಸಾಯ್ ಬೆಳೆಯುವುದರಲ್ಲಿ ಜಪಾನಿಗೇ ಮೊದಲು. ಕೊಳದಲ್ಲಿ ಬೆಳೆಯುವ ಗಿಡ, ಅದರ ಎಳೆ ಚಿಗುರಿನ ಮೇಲೆ ಲೋಳೆಯ ಪದರ. ಮೇ ತಿಂಗಳಿಂದ ಆಗಸ್ಟಿನವರೆಗೆ ಪುಟ್ಟ ದೋಣಿಯಲ್ಲಿ ಕೂತು ಕೈಯಿಂದ ಕೀಳುತ್ತಾರೆ. ಅಲ್ಲಿನವರು ಅದನ್ನು ಕೋಳಿ ಸಾರಿನ ನಬೆಗೂ ಹಾಕುತ್ತಾರೆ. ಕಂದು ಬಣ್ಣದ ಚಿಗುರು ಬಿಸಿ ಸಾರಿಗೆ ಬಿದ್ದ ಕೂಡಲೇ ಹಸಿರಾಗುತ್ತದೆ. ಕೌಂಟರಿನಲ್ಲಿ ಕೂತವರಿಗೆ ಅದನ್ನು ನೋಡುವುದೇ ಖುಷಿ. ಅದೇ ಸಾರು, ಅದೇ ಕೋಳಿ, ಸಣ್ಣ ಪಾತ್ರೆ. ಹೊಟ್ಟೆ ತುಂಬಿಸಲು ತಣ್ಣಗಿನ ಇನಾನಿವಾ ಉದೊನ್ ನೂಡಲ್ಸ್. ಮೆನು ಅಷ್ಟೇ. ಸಾಶಿಮಿ, ಕರಿದದ್ದು ಎಲ್ಲ ಹೋಯಿತು. ಆಗಸ್ಟಿನಲ್ಲಿ ಎರಡು ವಾರ ರಜೆ ಎಂದೇ ಬೋರ್ಡು ಹಾಕಿದರು. ವ್ಯಾಪಾರ ಇಲ್ಲದ ದಿನ ಕರೆಂಟು, ಏಸಿ ಹಾಕಿ ಕಾಯುವುದು ನಷ್ಟ ಎಂದು ಬಿಲ್ ಚೀಟಿಗಳೇ ಹೇಳಿದ್ದವು.

ಸಾಕೆ ಪಟ್ಟಿಯನ್ನೂ ಅರ್ಧಕ್ಕಿಂತ ಕಮ್ಮಿ ಮಾಡಿದರು. 1.8 ಲೀಟರಿನ ದೊಡ್ಡ ಬಾಟಲಿ ತೆರೆದ ಮೇಲೆ ದಿನ ಕಳೆದಂತೆ ರುಚಿ ಬದಲಾಗುತ್ತದೆ. ಬಗೆ ಜಾಸ್ತಿ ಇದ್ದಷ್ಟೂ ಬಾಟಲಿ ನಿಧಾನವಾಗಿ ಖಾಲಿಯಾಗುತ್ತದೆ. ಈಗ ಬಿಸಿ ಮಾಡಿದರೆ ರುಚಿ ಅರಳುವ ಬಗೆಗಳೇ ಪಟ್ಟಿಯಲ್ಲಿ ಹೆಚ್ಚು. ತವರ ಲೋಹದ ಚಿರೋರಿ ಎಂಬ ಪುಟ್ಟ ಪಾತ್ರೆಗೆ ಸುರಿದು, ಬಿಸಿನೀರಿನಲ್ಲಿ ನಿಲ್ಲಿಸಿ, 40ರಿಂದ 45 ಡಿಗ್ರಿಗೆ ತರುತ್ತಾರೆ. ಸೋಯಾ ಹಾಕಿದ ಕೋಳಿ ಸಾರಿಗೆ ಆ ಹದದ ಸಾಕೆ ಸೊಗಸಾಗಿ ಹೊಂದುತ್ತದೆ. ಅಳತೆ ಮಾಮೂಲಿನ 180 ಮಿಲಿಲೀಟರ್, ಬೇಡವೆಂದರೆ ಅದರ ಅರ್ಧ. ಅರ್ಧ ಅಳತೆ ಕೊಟ್ಟರೆ ಕಮ್ಮಿ ಕುಡಿಯುತ್ತಾರೆ ಎಂಬ ಹೆದರಿಕೆ ತೈಶೊಗೆ ಇತ್ತು. ಕಮ್ಮಿ ಕುಡಿದವರೂ ಇದ್ದಾರೆ, ಎರಡು ಬಗೆ ರುಚಿ ನೋಡಿದವರೂ ಇದ್ದಾರೆ. ಲೆಕ್ಕ ಹೆಚ್ಚುಕಮ್ಮಿ ಸರಿಹೋಯಿತು.

ಬೋರ್ಡಿನ ಮೇಲೆ ಬರೆದದ್ದು

ಸೀಮೆಯ ಊಟ ಮಾರುವವರಿಗೆ ಆ ಸೀಮೆಯ ಸಾಮಾನು ಬರದಿದ್ದರೆ ಏನು ಮಾಡಬೇಕು? ಹತಾಹತಾ ಮೀನಿನ ಕಥೆಯನ್ನೇ ನೋಡಿ. ಅಕಿತಾದಲ್ಲಿ 1960ರ ದಶಕದಲ್ಲಿ ವರ್ಷಕ್ಕೆ 10,000 ಟನ್ ಮೀರಿ ಸಿಗುತ್ತಿತ್ತು. 1991ರಲ್ಲಿ ಸಿಕ್ಕಿದ್ದು ಸುಮಾರು 70 ಟನ್. ಮೀನುಗಾರರೇ ಒಟ್ಟಾಗಿ 1992ರಿಂದ ಮೂರು ವರ್ಷ ಬಲೆ ಹಾಕಲಿಲ್ಲ. ಮೀನು ಮತ್ತೆ ಬಂತು. ಈಚಿನ ವರ್ಷಗಳಲ್ಲಿ ಮತ್ತೆ ಕುಸಿದಿದೆ. ಬೇರೆ ಕಡೆಯ ಹತಾಹತಾ ಸಿಗುತ್ತದೆ, ಪಶ್ಚಿಮ ಜಪಾನಿನ ತೊಟ್ಟೊರಿ ಕಡೆಯದು. ಸಾರಿನಲ್ಲಿ ಬೆಂದ ಮೇಲೆ ಬಹಳ ಜನಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ತೈಶೊ ದಿನವೂ ಬೋರ್ಡಿನ ಮೇಲೆ ಬರೆಯತೊಡಗಿದರು: ಇವತ್ತಿನ ಹತಾಹತಾ ತೊಟ್ಟೊರಿಯದು. ಇವತ್ತು ಕೋಳಿ ಹಿನಾಯ್ ಜಿದೋರಿ ಅಲ್ಲ, ಬೆಲೆ ಇಷ್ಟು ಕಮ್ಮಿ. ಇದಕ್ಕೆ ಹಳೇ ಕಾರಣವಿದೆ. 2007ರಲ್ಲಿ ಅಕಿತಾದ ಒಂದು ಕಂಪನಿ ಬೇರೆ ಕೋಳಿಯನ್ನು ಹಿನಾಯ್ ಹೆಸರಿನಲ್ಲಿ ಮಾರಿ ಸಿಕ್ಕಿಬಿದ್ದಿತ್ತು. ಆಗ ಏನೂ ತಪ್ಪು ಮಾಡದ ಈ ಹೋಟೆಲಿನಲ್ಲೂ ಗಿರಾಕಿಗಳು, ನಿಮ್ಮದು ನಿಜವಾದದ್ದೇನಾ ಎಂದು ಕೇಳಿದ್ದರು. ಆ ಪ್ರಶ್ನೆ ತೈಶೊಗೆ ಮರೆತಿರಲಿಲ್ಲ. ಬೋರ್ಡು ನೋಡಿ ಎದ್ದು ಹೋದವರು ಬಹಳ ಕಮ್ಮಿ. ಅದನ್ನೇ ಮಾತಿಗೆಳೆದು ಕೂತವರು ಜಾಸ್ತಿ.

ಕೆಲವು ಸಾಮಾನು ಮಾತ್ರ ಶಾಶ್ವತವಾಗಿ ಹೋಯಿತು. ಇಬುರಿ ಗಕ್ಕೊ ಅಂದರೆ ಮೂಲಂಗಿಯನ್ನು ಹೊಗೆಗೆ ಒಣಗಿಸಿ ಹಾಕುವ ಉಪ್ಪಿನಕಾಯಿ. ಒಕಾಮಿಗೆ ಅದನ್ನು ಕಳಿಸುತ್ತಿದ್ದದ್ದು ಹಳ್ಳಿಯ ಒಬ್ಬ ಅಜ್ಜಿ. ಆಹಾರ ಸುರಕ್ಷತೆ ಕಾನೂನು ಬದಲಾಗಿ, 2024ರ ಜೂನ್‌ನಿಂದ ಮಾರಾಟಕ್ಕೆ ಉಪ್ಪಿನಕಾಯಿ ಹಾಕುವವರೆಲ್ಲ ಪರವಾನಗಿ ಪಡೆಯಬೇಕಾಯಿತು. ಅದಕ್ಕೆ ಸರಿಯಾದ ಕೆಲಸದ ಕೋಣೆ ಬೇಕು. ಅಜ್ಜಿ ನಿಲ್ಲಿಸಿಬಿಟ್ಟರು. ಈಗ ಬರುವುದು ಕಾರ್ಖಾನೆಯದು, ಬೋರ್ಡಿನಲ್ಲಿ ಅದನ್ನೂ ಬರೆದಿದ್ದಾರೆ.

ಕೈ ಬದಲಾದದ್ದು

ದಂಪತಿಗೆ ಒಬ್ಬಳೇ ಮಗಳು. ಆಕೆ ಬೇರೆ ಊರಿನಲ್ಲಿ ನರ್ಸ್. 'ಅಪ್ಪಾ, ನಾನು ಬರಲ್ಲ, ನೀವು ಕಾಯ್ಬೇಡಿ' ಎಂದು ನೇರವಾಗಿ ಹೇಳಿದ್ದಳು. ಆ ಮಾತು ಆಗ ನೋವು ಕೊಟ್ಟಿತು. ಆದರೆ ಹತ್ತು ವರ್ಷ ಆಸೆಯಲ್ಲಿ ಕಳೆಯುವುದು ತಪ್ಪಿತು.

ಅಡುಗೆಮನೆಯಲ್ಲಿ ನಲವತ್ತರ ಆಸುಪಾಸಿನ ಒಬ್ಬರು ಕೆಲಸಕ್ಕಿದ್ದರು. ಅಕಿತಾದವರಲ್ಲ, ಪಶ್ಚಿಮ ಜಪಾನಿನವರು. ಅವರಿಗೆ ಕೊಡೋಣ ಎಂದು ಹೇಳಿದವರು ಒಕಾಮಿ. ತೈಶೊ ವರ್ಷವಿಡೀ ಹಿಂದುಮುಂದು ನೋಡಿದರು. ಹಳೇ ಗಿರಾಕಿಗಳಲ್ಲೂ ಗೊಣಗಿದವರಿದ್ದರು, ಅಕಿತಾ ಮಾತೇ ಬಾರದವರು ಅಕಿತಾ ನಬೆ ಮಾಡುವುದೇ ಎಂದು. ಕಡೆಗೆ ತೈಶೊ ಒಂದು ಪರೀಕ್ಷೆ ಇಟ್ಟರು. ಶರತ್ಕಾಲದಲ್ಲಿ ಹೊಸ ಅಕ್ಕಿ ಬಂದ ಮೇಲೆ ಒಂದು ವಾರ ತಾವು ಅಡುಗೆಮನೆಗೆ ಕಾಲಿಡಲಿಲ್ಲ. ಗಿರಾಕಿಗಳಿಗೆ ಹೇಳಲೂ ಇಲ್ಲ. ಯಾರೂ ಏನೂ ಕೇಳಲಿಲ್ಲ.

ಹಸ್ತಾಂತರದ ವಿವರಗಳಲ್ಲಿ ಮೂರು ಸಂಗತಿ ಗಮನಿಸಬೇಕು. ಕೊರೋನಾ ಕಾಲದಲ್ಲಿ ತೆಗೆದಿದ್ದ ಬಡ್ಡಿಯಿಲ್ಲದ ಸಾಲವನ್ನು ದಂಪತಿ ತಾವೇ ತೀರಿಸಿ ಆಮೇಲೆ ಕೊಟ್ಟರು. ಹೊಸಬರ ತಲೆಗೆ ಹಳೇ ಸಾಲ ಕಟ್ಟಲಿಲ್ಲ. ಆರೋಗ್ಯ ಕಚೇರಿಯ ಪರವಾನಗಿ 2023ರ ಡಿಸೆಂಬರಿನಿಂದ ಸುಲಭವಾಗಿದೆ. ವ್ಯಾಪಾರ ಪೂರ್ತಿ ವರ್ಗವಾದರೆ ಹೊಸದಾಗಿ ಅರ್ಜಿ ಹಾಕಬೇಕಿಲ್ಲ, ವರ್ಗವಾಗಿದೆ ಎಂದು ತಿಳಿಸಿದರೆ ಸಾಕು. ನಿಜವಾದ ಕಷ್ಟ ಬಂದದ್ದು ಬಾಡಿಗೆ ಕರಾರಿನಲ್ಲಿ. ಕಟ್ಟಡದ ಮಾಲೀಕರಿಗೆ ತೈಶೊ ಮೇಲೆ ನಂಬಿಕೆ, ಹೊಸಬರ ಮೇಲೆ ಇಲ್ಲ. ತೈಶೊ ಎರಡು ವರ್ಷ ಜಾಮೀನು ನಿಂತ ಮೇಲೆ ಒಪ್ಪಿದರು. ಈ ಮಾತುಕತೆಯನ್ನು ಬೇಗ ಶುರು ಮಾಡಿದ್ದರಿಂದ ಆಯಿತು. ತೈಶೊ ಕಾಯಿಲೆ ಬಿದ್ದ ಮೇಲೆ ಹೋಗಿದ್ದರೆ ಅವರ ಜಾಮೀನಿಗೆ ಬೆಲೆ ಇರುತ್ತಿರಲಿಲ್ಲ.

ಹೋಟೆಲಿನ ಹೆಸರು ಬದಲಾಗಿಲ್ಲ. ತೈಶೊ ವಾರಕ್ಕೆ ಎರಡು ಮಧ್ಯಾಹ್ನ ಬಂದು ಕಿರಿತಾಂಪೊ ಸುಡುತ್ತಾರೆ. ರಾತ್ರಿ ಹೊತ್ತು ಬರುವುದಿಲ್ಲ. ಹಳಬರು ಕೌಂಟರಿನಲ್ಲಿದ್ದರೆ ಗಿರಾಕಿಗಳು ಅವರೊಂದಿಗೇ ಮಾತಾಡುತ್ತಾರೆ, ಹೊಸಬರು ಕೆಲಸದ ಆಳಾಗಿಯೇ ಉಳಿಯುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ತಾವೇ ಅರಿತು ದೂರ ಸರಿದರು. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಗೌರವ ಮೂಡಿಸಿದ ನಡೆ ಇದು.

ಬೇರೆಯವರು ಇದರಿಂದ ಏನು ತೆಗೆದುಕೊಳ್ಳಬಹುದು

ಒಬ್ಬರ ಪಾತ್ರೆಯನ್ನು ನಕಲು ಮಾಡುವುದರಿಂದ ಎಲ್ಲರಿಗೂ ಲಾಭವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಈ ಹೋಟೆಲಿಗೆ ಅದು ಹೊಂದಿದ್ದು, ಸುತ್ತ ಒಂಟಿಯಾಗಿ ಇರುವವರು ಜಾಸ್ತಿ, ಸಾರು ಒಂದೇ ಹಂಡೆಯದು, ಕೌಂಟರ್ ಮೊದಲೇ ಇತ್ತು ಎಂಬ ಕಾರಣಕ್ಕೆ. ನಕಲು ಮಾಡಬಹುದಾದದ್ದು ಒಕಾಮಿ ಮಾಡಿದ ಕೆಲಸ. ಬಿಲ್ ಚೀಟಿ ತೆಗೆದು ನೋಡಿದರು. ಅದಕ್ಕಿಂತ ಮುಖ್ಯವಾಗಿ, ಚೀಟಿಯಲ್ಲಿ ಕಾಣದವರನ್ನೂ ಎಣಿಸಿದರು. ಬಾಗಿಲು ತೆಗೆದ ಮೇಲೆ ಆರು ತಿಂಗಳು, ಬಂದು ವಾಪಸ್ಸು ಹೋದವರನ್ನು ಪುಸ್ತಕದಲ್ಲಿ ಗೀಟು ಹಾಕಿ ಗುರುತಿಟ್ಟರು. ಜಾಗ ಇಲ್ಲದ್ದಕ್ಕಾ, ಬೆಲೆಗಾ, ನಬೆ ಸಿಗದ್ದಕ್ಕಾ, ಪಕ್ಕದಲ್ಲಿ ಒಂದು ಪದ. ಯಾವ ಸಣ್ಣ ಹೋಟೆಲಿನವರೂ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇದು.

ಕಳೆದುಕೊಂಡದ್ದೂ ಇದೆ. ಜಗುಲಿಯ ಎರಡು ಮೇಜು ತೆಗೆದು ಸಣ್ಣ ಆಸನ ಹಾಕಿದ್ದಾರೆ. ಹತ್ತು ಹನ್ನೆರಡು ಜನ ಒಟ್ಟಿಗೆ ಕೂರುವಂತಿಲ್ಲ. ಊರಿನ ಬಳಗ ವರ್ಷಕ್ಕೊಮ್ಮೆ ಸೇರುತ್ತಿದ್ದದ್ದು ಇಲ್ಲೇ, ಈಗ ಬೇರೆ ಕಡೆ ಹೋಗುತ್ತದೆ. ಅದನ್ನು ಹೇಳುವಾಗ ತೈಶೊ ಮಾತು ನಿಧಾನವಾಗುತ್ತದೆ.

ಸದ್ಯದ ತಲೆನೋವು ಅಕ್ಕಿ. 2025ರ ವಸಂತದಲ್ಲಿ ಟೋಕಿಯೋದ ಸೂಪರ್ ಮಾರ್ಕೆಟ್ಟುಗಳಲ್ಲಿ 5 ಕಿಲೋ ಅಕ್ಕಿ 4,000 ಯೆನ್ ದಾಟಿತು. ಒಂದು ವರ್ಷದ ಹಿಂದಿನ ಬೆಲೆಯ ಎರಡರಷ್ಟು. ಕಿರಿತಾಂಪೊ ಎಂದರೆ ಅಕ್ಕಿಯೇ, ಸಾಕೆ ಎಂದರೂ ಅಕ್ಕಿಯೇ. ಅಕಿತಾದ ಓದಾತೆ ಊರಿನ ಕಾರ್ಖಾನೆಯಲ್ಲಿ ಮಾಡಿದ ಕಿರಿತಾಂಪೊ ತರಿಸಿದರೆ ಮಧ್ಯಾಹ್ನದ ಕೆಲಸ ಉಳಿಯುತ್ತದೆ, ಇಬ್ಬರ ಬದಲು ಒಬ್ಬರು ಸಾಕು. ಹೊಸ ಯಜಮಾನರು ಅದನ್ನು ಯೋಚಿಸುತ್ತಿದ್ದಾರೆ. ತೈಶೊ ಅಡ್ಡಿ ಹೇಳಿಲ್ಲ, ನಿಮ್ಮ ಅಂಗಡಿ ನೀವೇ ನೋಡಿ ಎಂದಿದ್ದಾರೆ. ನನ್ನ ಅಭಿಪ್ರಾಯ ಕೇಳಿದಾಗ, ತರಿಸಬೇಡಿ, ಬೆಲೆ ಏರಿಸಿ ಎಂದೆ. ಈ ಹೋಟೆಲಿಗೆ ಜನ ಬರುವುದೇ ಆ ಕೈಕೆಲಸಕ್ಕೆ. ಅವರು ಇನ್ನೂ ತೀರ್ಮಾನ ಮಾಡಿಲ್ಲ. ಈ ಚಳಿಗಾಲಕ್ಕೆ ಮಾತ್ರ ಒಬ್ಬರ ನಬೆಯ ಬೆಲೆಯನ್ನು 200 ಯೆನ್ ಏರಿಸಿ, ಕಾರಣ ಅಕ್ಕಿ ಎಂದು ಬೋರ್ಡಿನ ಮೇಲೆ ಬರೆದಿದ್ದಾರೆ.